ಮೊಟ್ಟೆಯ ಬಣ್ಣದಲ್ಲಿ ಮೂಡಿದ ರಾಣಿ

ಪ್ರಶ್ನೆ: ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಕಡುನೀಲಿ ನಿಲುವಂಗಿ ತೊಟ್ಟು ನಿಂತ ಚಿತ್ರವೊಂದನ್ನು ನೋಡಿದೆ. ಐನೂರು ವರ್ಷ ಹಳೆಯದು ಅನ್ನಿಸಿತು. ಆದರೆ ಬರೆದದ್ದು 1950ರ ದಶಕದಲ್ಲಂತೆ, ಇಟಲಿಯ ಕಲಾವಿದನಂತೆ. ಇದು ಹಳಬರ ನಕಲು ಅಲ್ವಾ? ಬಣ್ಣಕ್ಕೆ ಮೊಟ್ಟೆ ಬೆರೆಸುತ್ತಿದ್ದರು ಅನ್ನುವುದು ನಿಜವೇ? ಮನೆಯಲ್ಲಿ ನಾನೂ ಮಾಡಿ ನೋಡಬಹುದೇ?

ಉತ್ತರ: ನೀವು ನೋಡಿದ್ದು ಪಿಯೆತ್ರೊ ಅನ್ನಿಗೋನಿ ಬರೆದ ಚಿತ್ರ. ಲಂಡನ್ನಿನ ಮೀನು ವ್ಯಾಪಾರಿಗಳ ಹಳೆಯ ಸಂಘ ಬರೆಸಿದ್ದು. 1955ರಲ್ಲಿ ಅಲ್ಲಿನ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆಯಲ್ಲಿ ಇಟ್ಟಾಗ ನೋಡಲು ಜನ ಮುಗಿಬಿದ್ದಿದ್ದರು.

ನಕಲು ಅಂದಿರಿ. ತಮಾಷೆ ಏನೆಂದರೆ, ಅನ್ನಿಗೋನಿ ಈ ವಿದ್ಯೆ ಕಲಿತದ್ದೇ ನಕಲು ಮಾಡುವವರೊಬ್ಬರಿಂದ! 1910ರಲ್ಲಿ ಮಿಲಾನಿನಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಫ್ಲಾರೆನ್ಸಿಗೆ ಬಂದರು. ಅಲ್ಲಿ ನಿಕೊಲಾಯ್ ಲೊಖೋಫ್ ಎಂಬ ರಷ್ಯನ್ ಕಲಾವಿದರಿದ್ದರು. ಹಿಂದಿನ ಕಾಲದ ದೊಡ್ಡ ಕಲಾವಿದರ ಚಿತ್ರಗಳನ್ನು ಆ ಕಾಲದ ವಿಧಾನದಲ್ಲೇ ಮತ್ತೆ ಬರೆಯುವುದು ಅವರ ಕೆಲಸ. ಲೊಖೋಫರಿಂದ ಅನ್ನಿಗೋನಿ ಪಡೆದದ್ದು ಬಣ್ಣ ಕಲಸುವ ಕೈ.

ಎದುರಿಗಿರುವವರನ್ನು ಹೇಗೆ ತೋರಿಸಬೇಕು ಅನ್ನುವುದು ಮಾತ್ರ ಅನ್ನಿಗೋನಿಯದೇ. ಫ್ಲಾರೆನ್ಸಿನ ಉಫಿಜಿ ಸಂಗ್ರಹಾಲಯದಲ್ಲಿ ಹದಿನೈದನೇ ಶತಮಾನದ ಕಲಾವಿದ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ, ಇಟಲಿಯ ಉರ್ಬಿನೊ ಊರಿನ ದೊರೆ, ದೊರೆಸಾನಿಯ ಜೋಡಿ ಚಿತ್ರವಿದೆ. ದೊರೆಯ ಬಲಗಣ್ಣು ಹೋಗಿತ್ತು, ಹಾಗಾಗಿ ಎಡಮಗ್ಗುಲನ್ನಷ್ಟೇ ತೋರಿಸಿದ್ದಾರೆ. ತಲೆಗಳು ಆಕಾಶಕ್ಕೆ ಎದ್ದಿವೆ. ಹಿಂದೆ, ತುಂಬ ಕೆಳಗೆ, ಬಯಲು, ಬೆಟ್ಟ, ದೋಣಿಗಳು. ಅದು ಅವರು ಆಳುವ ನಾಡು ಎಂದು ನೋಡುವುದು ವಾಡಿಕೆ. ಅನ್ನಿಗೋನಿಯೂ ಇದೇ ಉಪಾಯ ಹಿಡಿದಿದ್ದಾರೆ. ದಿಗಂತವನ್ನು ತಗ್ಗಿಸಿದ್ದರಿಂದ ರಾಣಿ ಎತ್ತರಕ್ಕೆ ಕಾಣುತ್ತಾರೆ. ಆದರೆ ಹಿಂದಿನ ಮರಗಳಲ್ಲಿ ಎಲೆಯೇ ಇಲ್ಲ, ಚಳಿಗಾಲದ ಬಯಲು. ಇಪ್ಪತ್ತೆಂಟು ದಾಟದ ಹೆಣ್ಣುಮಗಳು ಅಲ್ಲಿ ಒಬ್ಬರೇ ನಿಂತಿದ್ದಾರೆ. ದೊರೆಯ ಚಿತ್ರದಲ್ಲಿ ಹಿನ್ನೆಲೆ ಅವನ ಆಸ್ತಿ. ಇಲ್ಲಿ ಅದು ರಾಣಿಯ ಒಂಟಿತನ. ನನ್ನ ಲೆಕ್ಕಕ್ಕೆ ಇದು ನಕಲಲ್ಲ.

1969ರಲ್ಲಿ ಅವರು ರಾಣಿಯನ್ನು ಮತ್ತೆ ಬರೆದರು. ಆಗ ಮರವೂ ಇಲ್ಲ, ನೀರೂ ಇಲ್ಲ. ಬರೀ ಕೆಂಪು ನಿಲುವಂಗಿ, ಖಾಲಿ ಹಿನ್ನೆಲೆ. ಬಹಳ ಜನಕ್ಕೆ ಹಿಡಿಸಲಿಲ್ಲ. ನನಗೆ ಮಾತ್ರ ಇದೇ ಜಾಸ್ತಿ ಇಷ್ಟ.

ಇನ್ನು ಮೊಟ್ಟೆ. ಹೌದು, ನಿಜ. ಹಳದಿ ಲೋಳೆಗೆ ನೀರು, ಬಣ್ಣದ ಪುಡಿ ಬೆರೆಸಿದರೆ ಟೆಂಪೆರಾ. ಆದರೆ ಅದು ಕುಂಚ ಎತ್ತುವಷ್ಟರಲ್ಲಿ ಒಣಗುತ್ತದೆ. ಕೆನ್ನೆಯ ನೆರಳನ್ನು ಎಣ್ಣೆಬಣ್ಣದ ಹಾಗೆ ಒಂದರಲ್ಲೊಂದು ಸವರಿ ಬೆರೆಸಲು ಆಗುವುದಿಲ್ಲ. ಸಣ್ಣ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆಯಬೇಕು. ಅನ್ನಿಗೋನಿ ಬಳಸಿದ್ದು 'ತೆಂಪೆರಾ ಗ್ರಾಸ್ಸಾ', ಅಂದರೆ ಜಿಡ್ಡಿನ ಟೆಂಪೆರಾ. ಮೊಟ್ಟೆಗೆ ಎಣ್ಣೆ, ರಾಳದ ವಾರ್ನಿಷ್ ಸೇರುತ್ತವೆ. ಗೆರೆಯ ಚೂಪು ಉಳಿಯುತ್ತದೆ, ಕೈಗೂ ಸ್ವಲ್ಪ ಪುರಸೊತ್ತು ಸಿಗುತ್ತದೆ.

ಮನೆಯಲ್ಲಿ ಮೊದಲು ಸಾದಾ ಟೆಂಪೆರಾ ಮಾಡಿ. ಬಿಳಿ ಲೋಳೆ ಬೇರೆ ಮಾಡಿ, ಹಳದಿ ಉಂಡೆಯನ್ನು ಅಂಗೈಯಿಂದ ಅಂಗೈಗೆ ಹೊರಳಿಸಿ. ತೇವ ಆರಿದ ಮೇಲೆ ಮೇಲಿನ ತೆಳು ಪೊರೆಯನ್ನು ಚಿವುಟಿ ಹಿಡಿದು, ಚುಚ್ಚಿ, ಒಳಗಿನದನ್ನಷ್ಟೇ ಬಟ್ಟಲಿಗೆ ಸುರಿಯಿರಿ. ಪೊರೆ ಬಿದ್ದರೆ ಬಣ್ಣದಲ್ಲಿ ಗಂಟು. ಕ್ಯಾನ್ವಾಸ್ ಬೇಡ, ಅದು ಬಾಗಿದಾಗ ಬಣ್ಣ ಬಿರುಕು ಬಿಡುತ್ತದೆ. ಕಲಿಯಲು ದಪ್ಪ ಜಲವರ್ಣ ಕಾಗದವನ್ನು ಹಲಗೆಗೆ ಅಂಟಿಸಿಕೊಂಡರೆ ಸಾಕು. ಬಣ್ಣದ ಪುಡಿ ಕೆಲವು ವಿಷ. ಮೂಗಿಗೆ ಮಾಸ್ಕ್ ಇರಲಿ, ಅಡುಗೆ ಪಾತ್ರೆ ಮುಟ್ಟಬೇಡಿ. ಕಲಸಿದ್ದನ್ನು ಆ ದಿನವೇ ಮುಗಿಸಿ. ಬೇಸಿಗೆಯಲ್ಲಿ ಮರುದಿನಕ್ಕೆ ಇಟ್ಟರೆ ಮನೆಯವರೇ ನಿಮ್ಮನ್ನು ಬಟ್ಟಲ ಸಮೇತ ಹೊರಗೆ ಹಾಕುತ್ತಾರೆ.