ಅತ್ತೆಯ ಬೆಕ್ಕು, ಮಗನ ಉಬ್ಬಸ

ಪ್ರಶ್ನೆ: ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜತೆಗಿದ್ದಾರೆ. ಅವರ ಹಿಂದೆಯೇ 13 ವರ್ಷದ ಹೆಣ್ಣುಬೆಕ್ಕೂ ಬಂತು. ಮಗನಿಗೆ ಮೊದಲಿಂದಲೂ ಉಬ್ಬಸ. ಬೆಕ್ಕು ಬಂದ ಮೇಲೆ ಎರಡು ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ಪರೀಕ್ಷೆಯಲ್ಲಿ ಬೆಕ್ಕಿನ ಅಲರ್ಜಿ ಎಂದೇ ಬಂದಿದೆ. ಇಷ್ಟು ವಯಸ್ಸಾದ ಬೆಕ್ಕನ್ನು ಯಾರೂ ಕೇಳುತ್ತಿಲ್ಲ. ರಾತ್ರಿ ಎಲ್ಲಾದರೂ ದೂರ ಬಿಟ್ಟು ಬಂದು, ತಪ್ಪಿಸಿಕೊಂಡಿತು ಅಂತ ಅಮ್ಮನಿಗೆ ಹೇಳಿಬಿಡೋಣ ಅನ್ನುತ್ತಾರೆ ನಮ್ಮವರು. ನನಗೆ ನಿದ್ದೆಯೇ ಬರುತ್ತಿಲ್ಲ.

ಉತ್ತರ: ನಿಮ್ಮವರ ಉಪಾಯವನ್ನು ಇಲ್ಲಿಗೇ ಕೈಬಿಡಿ. ಈ ವಯಸ್ಸಿನಲ್ಲಿ ಬೀದಿಗೆ ಬಿದ್ದ ಸಾಕುಬೆಕ್ಕಿಗೆ ಹೊಟ್ಟೆ ಹೊರೆಯಲು ತಿಳಿಯದು, ನಾಯಿ ಬಂದರೆ ಗೋಡೆ ಹತ್ತಲು ಕಾಲಲ್ಲಿ ಕಸುವಿಲ್ಲ. ಇತ್ತ ಅತ್ತೆ ಬಾಗಿಲಲ್ಲಿ ನಿಂತು ದಿನಾ ಅದರ ಹೆಸರು ಹಿಡಿದು ಕೂಗುತ್ತಾರೆ. ಆ ಕೂಗು ಕೇಳಿಕೊಂಡು ನೀವಿಬ್ಬರೂ ಊಟಕ್ಕೆ ಕೂರಬೇಕು.

ಬೆಕ್ಕನ್ನು ಕೊಡುವ ವಿಷಯದಲ್ಲಿ ಮಾತ್ರ ಅಳುಕು ಬೇಡ. ಕೂದಲು ಕತ್ತರಿಸಿ, ಸ್ನಾನ ಮಾಡಿಸಿ ಎಂದು ಯಾರಾದರೂ ಹೇಳಿಯಾರು, ನಿಮ್ಮ ಮಗನಿಗೆ ಅಷ್ಟು ಸಾಲದು. ಅಲರ್ಜಿಯ ಮೂಲ ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಪ್ರೋಟೀನು. ಮೈ ನೆಕ್ಕಿದಾಗ ಕೂದಲಿಗೆ ಹತ್ತಿ, ಒಣಗಿ ಗಾಳಿಗೆ ಸೇರುತ್ತದೆ. ಬೆಕ್ಕು ಹೋದ ಮೇಲೂ ಹಾಸಿಗೆ, ಸೋಫಾಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಮಗನ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅವನು ಮಲಗುವ ಕೋಣೆಗೆ ಇವತ್ತಿನಿಂದಲೇ ಬೆಕ್ಕನ್ನು ಬಿಡಬೇಡಿ.

ಅತ್ತೆಗೆ ಈ ಮಾತು ಹೇಳಬೇಕಾದವರು ನಿಮ್ಮ ಪತಿ. ನೀವು ಹೇಳಿದರೆ ಸೊಸೆ ಬೆಕ್ಕನ್ನು ಓಡಿಸಿದಳು ಎಂದಾಗುತ್ತದೆ, ಅವರ ಮಗ ಸುಮ್ಮನೆ ಪೇಪರ್ ಓದುತ್ತ ಕೂತಿರುತ್ತಾರೆ. ಹೇಳಿದ ಮೇಲೆ ಮನೆ ಹುಡುಕುವ ಯಜಮಾನಿಕೆ ಅತ್ತೆಯದೇ ಇರಲಿ. ಬಂದವರನ್ನು ಅವರೇ ವಿಚಾರಿಸಲಿ, ಬೇಡ ಅನ್ನಿಸಿದರೆ ಅವರೇ ಕಳಿಸಲಿ.

ಯಾರೂ ಕೇಳುತ್ತಿಲ್ಲ ಎಂದಿರಿ. ಮರಿ ಬೇಕೆನ್ನುವವರನ್ನೇ ಕೇಳಿದ್ದೀರೇನೋ! ಮುದಿ ಬೆಕ್ಕಿಗೆ ಬೇಕಾದ್ದು ಗಲಾಟೆಯಿಲ್ಲದ ಮನೆ, ಆದಷ್ಟೂ ಬೇರೆ ಬೆಕ್ಕು, ನಾಯಿ ಇಲ್ಲದ್ದು. ಬೆಕ್ಕು ಕಳಕೊಂಡ ಹಿರಿಯರು ಎಷ್ಟೋ ಮಂದಿ, ಇನ್ನೊಂದು ಮರಿ ತಂದರೆ ತಾವು ಹೋದ ಮೇಲೆ ಅದರ ಗತಿಯೇನು ಎಂದು ಹಿಂಜರಿಯುತ್ತಾರೆ. ಅಂಥವರಿಗೆ ನಿಮ್ಮ ಬೆಕ್ಕಿನ ವಯಸ್ಸೇ ಸಮಾಧಾನ. ಪಶುವೈದ್ಯರಿಗೆ ಇಂಥವರ ಪರಿಚಯವಿರುತ್ತದೆ, ಕೇಳಿ. ಹಾಗೆಯೇ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಈ ವಯಸ್ಸಿಗೆ ಮೂತ್ರಪಿಂಡ, ಥೈರಾಯ್ಡ್, ಹಲ್ಲು ಕೈಕೊಡುವುದುಂಟು. ಏನೇ ಬಂದರೂ ಮುಚ್ಚಿಡದೆ ವರದಿಯನ್ನು ಬೆಕ್ಕನ್ನು ಒಯ್ಯುವವರ ಕೈಗಿಡಿ. ಔಷಧದ ಖರ್ಚಿಗೆ ನೀವೂ ಕೈಜೋಡಿಸಿದರೆ ಒಪ್ಪುವುದು ಸುಲಭ.

ಕಳಿಸುವಾಗ ಅದು ಮಲಗುವ ಬಟ್ಟೆಯನ್ನು ಒಗೆಯದೆ ಹಾಗೇ ಕೊಡಿ, ಅದಕ್ಕೆ ವಾಸನೆಯೇ ಗುರುತು. ತಿನ್ನುವ ಆಹಾರ, ಮಲಮೂತ್ರಕ್ಕೆ ಇಡುವ ಲಿಟರ್ ಟ್ರೇ ಹಳೆಯವೇ ಇರಲಿ. ಮೊದಲ ಕೆಲವು ದಿನ ಒಂದೇ ಕೋಣೆ ಸಾಕು. ನಮ್ಮಲ್ಲಿಗೆ ಹೀಗೆ ಬಂದಿದ್ದ ಗಂಡುಬೆಕ್ಕೊಂದು ವಾರವಿಡೀ ಮಂಚದಡಿಯೇ ಇತ್ತು. ಬೆಳಗಾದರೆ ಬಟ್ಟಲು ಖಾಲಿ, ನೀರಿನ ಪಾತ್ರೆಯಿಂದ ಮಂಚದವರೆಗೆ ಒದ್ದೆ ಹೆಜ್ಜೆ, ಅಷ್ಟೇ ಅದರ ದರ್ಶನ. ಅಡಗಿದರೆ ಎಳೆಯಬಾರದು. ಆದರೆ ಒಂದು ದಿನಪೂರ್ತಿ ಏನೂ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಲಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತಾಗಬಹುದು. ಹೊಂದಿಕೊಳ್ಳದಿದ್ದರೆ ಬೇರೆಯವರಿಗೆ ದಾಟಿಸದೆ ನಿಮಗೇ ತಿಳಿಸಬೇಕೆಂದು ಮೊದಲೇ ಮಾತಾಗಲಿ.

ಅದು ನೆಲೆಯಾದ ಮೇಲೆ ಅತ್ತೆಯನ್ನು ಆಗಾಗ ಅಲ್ಲಿಗೆ ಕರೆದೊಯ್ಯಿರಿ. ತೊಡೆಯ ಮೇಲೆ ಕೂರಿಸಿಕೊಂಡು ಬರಲಿ. ಮನೆಗೆ ಬಂದು ಸೀರೆ ಬದಲಿಸಿದ ಮೇಲಷ್ಟೇ ಮೊಮ್ಮಗನನ್ನು ಹತ್ತಿರ ಕರೆಯಲಿ.