ಎಂಆರ್‌ಎನ್‌ಎ ಏರದೆ ಫೆರಿಟಿನ್ ಏರುವುದು ಹೇಗೆ?

ಕೋಶಗಳಿಗೆ ಕಬ್ಬಿಣ ಕೊಟ್ಟ ಮೇಲೆ, ಕಬ್ಬಿಣವನ್ನು ಕೂಡಿಡುವ ಫೆರಿಟಿನ್ ಪ್ರೋಟೀನ್ ಏರಿದೆ, ಅದನ್ನು ಕಟ್ಟುವ ಸಂದೇಶವಾದ ಎಂಆರ್‌ಎನ್‌ಎ ಮಾತ್ರ ಇದ್ದಷ್ಟೇ ಇದೆ, ಎಂಆರ್‌ಎನ್‌ಎ ಅಳೆಯುವ ಕ್ಯೂಪಿಸಿಆರ್ ಕೈಕೊಟ್ಟಿತೇ ಎಂದು ಕೇಳಿದ್ದೀರಿ. ಹಾಗೇನೂ ಇರಬೇಕಿಲ್ಲ, ಫೆರಿಟಿನ್ ನಿಯಂತ್ರಣ ಹೆಚ್ಚಾಗಿ ನಡೆಯುವುದೇ ಅನುವಾದದ, ಅಂದರೆ ಎಂಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವ, ಹಂತದಲ್ಲಿ.

ಇದರ ಎಂಆರ್‌ಎನ್‌ಎಯ 5′ ತುದಿಯಲ್ಲಿ (ಆರಂಭದ ತುದಿ), ಅಲ್ಲಿನ ರಾಸಾಯನಿಕ ಟೋಪಿಯಾದ ಕ್ಯಾಪ್‌ನಿಂದ ಸುಮಾರು 40 ನ್ಯೂಕ್ಲಿಯೋಟೈಡ್‌ಗಳೊಳಗೆ, ಐಆರ್‌ಇ (ಕಬ್ಬಿಣಕ್ಕೆ ಸ್ಪಂದಿಸುವ ಅಂಶ) ಎಂಬ ಹೇರ್‌ಪಿನ್ ಮಡಿಕೆಯಿದೆ. ಕಬ್ಬಿಣ ಕಡಿಮೆಯಿದ್ದಾಗ ಐಆರ್‌ಪಿ (ಕಬ್ಬಿಣ ನಿಯಂತ್ರಕ) ಪ್ರೋಟೀನ್‌ಗಳು ಅದಕ್ಕಂಟಿಕೊಂಡು, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿನ ಸಣ್ಣ ಉಪಘಟಕ ಹತ್ತದಂತೆ ತಡೆಯುತ್ತವೆ. ಕಬ್ಬಿಣ ಹೆಚ್ಚಿದರೆ ಐಆರ್‌ಪಿ1 ತನ್ನೊಳಗೆ ಕಬ್ಬಿಣ-ಗಂಧಕದ ಗುಚ್ಛ ಕಟ್ಟಿಕೊಂಡು ಅಕೋನಿಟೇಸ್ ಕಿಣ್ವವಾಗಿಬಿಡುತ್ತದೆ (ಸೊಗಸಾದ ವೇಷಾಂತರ!), ಐಆರ್‌ಪಿ2 ವಿಘಟನೆಯಾಗುತ್ತದೆ. ತಡೆ ತೆರವು. ಮಡಿಕೆಯನ್ನು ಕ್ಯಾಪ್‌ನಿಂದ ದೂರ ಸರಿಸಿದರೂ ತಡೆ ಸಡಿಲವಾಗುತ್ತದೆ. ಈ ನಿಯಂತ್ರಣವನ್ನು ಅಳೆಯಲು ರಿಪೋರ್ಟರ್ (ಸೂಚಕ) ಜೀನ್ ಕಟ್ಟುವವರು ಎಡವುವುದು ಇಲ್ಲೇ.

ಕ್ಯೂಪಿಸಿಆರ್ ಮೇಲೆ ಅನುಮಾನವಿದ್ದರೆ ಅದೇ ಸ್ಯಾಂಪಲ್‌ನಲ್ಲಿ ಕೋಶದೊಳಕ್ಕೆ ಕಬ್ಬಿಣ ತರುವ ಟ್ರಾನ್ಸ್‌ಫೆರಿನ್ ರಿಸೆಪ್ಟರ್ 1 ಎಂಆರ್‌ಎನ್‌ಎ ಕೂಡ ಅಳೆಯಿರಿ. ಅದರ ಐಆರ್‌ಇಗಳು 3′ ತುದಿಯಲ್ಲಿವೆ, ಅಲ್ಲಿ ಐಆರ್‌ಪಿ ಎಂಆರ್‌ಎನ್‌ಎಯನ್ನು ಒಡೆಯದಂತೆ ಕಾಯುತ್ತದೆ. ಕಬ್ಬಿಣ ಕೊಟ್ಟಾಗ ಆ ಎಂಆರ್‌ಎನ್‌ಎ ಇಳಿಯಲೇಬೇಕು.

ನೇರ ಸಾಕ್ಷಿ ಬೇಕೆಂದರೆ ಪಾಲಿಸೋಮ್ (ಹಲವು ರೈಬೋಸೋಮ್‌ಗಳು ಹತ್ತಿದ ಎಂಆರ್‌ಎನ್‌ಎ) ಪ್ರೊಫೈಲ್ ಮಾಡಿ, ಅಂದರೆ ಎಂಆರ್‌ಎನ್‌ಎಗಳನ್ನು ಅವುಗಳ ಮೇಲಿನ ರೈಬೋಸೋಮ್‌ಗಳ ಭಾರದಿಂದ ಬೇರ್ಪಡಿಸಿ: ರೈಬೋಸೋಮ್‌ಗಳನ್ನು ಇದ್ದಲ್ಲೇ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್ ಮಿಲಿಲೀಟರಿಗೆ 100 ಮೈಕ್ರೋಗ್ರಾಂ, 10–50% ಸುಕ್ರೋಸ್ ಗ್ರೇಡಿಯಂಟ್. ಫೆರಿಟಿನ್ ಎಂಆರ್‌ಎನ್‌ಎ ಹಗುರ ಭಾಗಗಳಿಂದ ಪಾಲಿಸೋಮ್ ಕಡೆಗೆ ಸರಿಯಬೇಕು. ಕೋಶ ಒಡೆಯುವ ಲೈಸಿಸ್ ಬಫರ್‌ಗೆ ಮೆಗ್ನೀಸಿಯಂ ಹಾಕಲು ಮರೆತರೆ ರೈಬೋಸೋಮ್‌ಗಳು ಕಳಚಿಕೊಂಡು ಎಲ್ಲವೂ ಹಗುರ ಭಾಗದಲ್ಲೇ ಕಾಣುತ್ತದೆ.