ಚೆನ್ನಾಗಿದೆಯಾ ಅಂತ ಕೇಳಬೇಡಿ, ಓದುಗರ ಬೆರಳು ಎಲ್ಲಿಗೆ ಹೋಗುತ್ತದೆ ನೋಡಿ

ವಿದ್ಯಾರ್ಥಿಗಳೇ ಸೇರಿ ಮಾಡುವ ಸ್ಥಳೀಯ ಪತ್ರಿಕೆ, ಅದರ ಪೋಸ್ಟರ್, ರೇಡಿಯೊ ಜಾಹೀರಾತು, ಕೊನೆಗೆ ಬರೆಯಬೇಕಾದ ಮೌಲ್ಯಮಾಪನ ಇವುಗಳ ಬಗ್ಗೆ ಈ ಸಲ ಜಾಸ್ತಿ ಪ್ರಶ್ನೆಗಳು ಬಂದಿವೆ. ಒಂದೇ ಥರದವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಪ್ರಾಜೆಕ್ಟ್‌ಗೆ ನಾಲ್ಕು ಪುಟದ ಸ್ಥಳೀಯ ಪತ್ರಿಕೆ ಮಾಡುತ್ತಿದ್ದೇವೆ. ಮುಖಪುಟದ ಪಿಡಿಎಫ್ ಕಳಿಸಿದ್ದೇನೆ. ಬಣ್ಣ, ಫೋಟೊ ಎಲ್ಲಾ ಚೆನ್ನಾಗಿ ಬಂದಿದೆ ಅನಿಸುತ್ತದೆ. ಆದರೆ ನಮ್ಮ ಮೇಡಂ ‘ಇದು ಪತ್ರಿಕೆ ಥರ ಇಲ್ಲ, ಕರಪತ್ರ ಥರ ಇದೆ’ ಅಂದರು. ಏನು ತಪ್ಪಾಗಿದೆ? (ಪದವಿ ವಿದ್ಯಾರ್ಥಿನಿ)

ಪಿಡಿಎಫ್ ನೋಡಿದೆ. ನಿಮ್ಮ ಮೇಡಂ ಹೇಳಿದ್ದು ಸರಿ. ಆದರೆ ತೊಂದರೆ ಬಣ್ಣದಲ್ಲಿ ಇಲ್ಲ. ಪುಟದಲ್ಲಿ ಐದು ಸುದ್ದಿ ಇವೆ, ಐದಕ್ಕೂ ಹೆಚ್ಚುಕಡಿಮೆ ಒಂದೇ ಅಳತೆಯ ತಲೆಬರಹ. ಯಾವುದು ದೊಡ್ಡ ಸುದ್ದಿ ಅಂತ ನೀವೇ ತೀರ್ಮಾನ ಮಾಡಿಲ್ಲ. ಹಾಗಾಗಿ ಓದುವವರಿಗೂ ಗೊತ್ತಾಗುವುದಿಲ್ಲ.

ಮುಖಪುಟಕ್ಕೆ ಒಂದು ಲೀಡ್, ಅಂದರೆ ಮುಖ್ಯ ಸುದ್ದಿ ಬೇಕು. ಒಂದೇ. ಅದರ ತಲೆಬರಹ ಟ್ಯಾಬ್ಲಾಯ್ಡ್ ಗಾತ್ರದ (ಹೆಚ್ಚುಕಡಿಮೆ ಎ3 ಹಾಳೆಯಷ್ಟು) ಪುಟದಲ್ಲಿ 48ರಿಂದ 60 ಪಾಯಿಂಟ್ ಇರಲಿ (72 ಪಾಯಿಂಟ್ ಅಂದರೆ ಒಂದು ಇಂಚು). ಸೆಕೆಂಡ್ ಲೀಡ್‌ಗೆ 30–36 ಸಾಕು. ಸಿಂಗಲ್ ಕಾಲಂ ಸುದ್ದಿಗಳಿಗೆ 18–24. ಪುಟದ ಬುಡದಲ್ಲಿ ಅಡ್ಡಲಾಗಿ ಒಂದು ಆಂಕರ್ ಸ್ಟೋರಿ ಕೊಡಿ, ಸ್ವಲ್ಪ ಹಗುರವಾದ, ಮನುಷ್ಯರ ಕತೆಯಂಥದ್ದು. ಇಷ್ಟು ಮಾಡಿದರೆ ಅರ್ಧ ಪುಟ ತಾನಾಗಿಯೇ ಪತ್ರಿಕೆಯ ರೂಪಕ್ಕೆ ಬರುತ್ತದೆ.

ಇನ್ನರ್ಧ ಇರುವುದು ತಲೆಬರಹದ ಮಾತಿನಲ್ಲಿ. ನಿಮ್ಮ ಲೀಡ್‌ಗೆ ‘ಗ್ರಂಥಾಲಯದ ಸಮಸ್ಯೆ’ ಅಂತ ಕೊಟ್ಟಿದ್ದೀರಿ. ಸಮಸ್ಯೆ ಇದೆ ಅನ್ನುವುದು ಸುದ್ದಿಯಲ್ಲ, ಏನಾಯಿತು ಅನ್ನುವುದು ಸುದ್ದಿ. ಒಳಗೆ ಓದಿದರೆ ಒಳ್ಳೇ ವಿಷಯವೇ ಇದೆ. ಮೂರು ವಾರದಿಂದ ಬಾಗಿಲು ತೆಗೆದಿಲ್ಲ, ಪರೀಕ್ಷೆ ಹತ್ತಿರ ಬಂದಿದೆ, ಕೀಲಿ ಯಾರ ಹತ್ತಿರ ಇದೆ ಅಂತ ಯಾರೂ ಹೇಳುತ್ತಿಲ್ಲ. ಅದನ್ನೇ ಮೇಲೆ ತನ್ನಿ: ‘ಪರೀಕ್ಷೆ ಹೊತ್ತಲ್ಲೇ ಗ್ರಂಥಾಲಯಕ್ಕೆ ಬೀಗ’. ಮೊದಲ ಪ್ಯಾರಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ ಬಂದುಬಿಡಬೇಕು. ನೀವು ‘ಗ್ರಂಥಾಲಯ ಜ್ಞಾನದ ಭಂಡಾರ’ ಅಂತ ಶುರು ಮಾಡಿದ್ದೀರಿ. ಅದು ಪ್ರಬಂಧ. ತೆಗೆದುಹಾಕಿ.

ಒಂದು ಹಳೇ ಪದ್ಧತಿ ಹೇಳುತ್ತೇನೆ. ಕಂಪ್ಯೂಟರ್ ಮುಂದೆ ಕೂರುವ ಮೊದಲು ಎ3 ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಡಮ್ಮಿ ಹಾಕಿ. ಎಲ್ಲಿ ಫೋಟೊ, ಎಲ್ಲಿ ಲೀಡ್, ಎಷ್ಟು ಕಾಲಂ ಅಂತ ಚೌಕ ಎಳೆಯಿರಿ. ರೆಡಿಮೇಡ್ ಟೆಂಪ್ಲೇಟ್ ತೆಗೆದುಕೊಂಡರೆ ಆ ಟೆಂಪ್ಲೇಟ್‌ನಲ್ಲಿ ಎಷ್ಟು ಪೆಟ್ಟಿಗೆ ಇದೆಯೋ ಅಷ್ಟು ಸುದ್ದಿ ಹುಡುಕುವುದೇ ಕೆಲಸವಾಗುತ್ತದೆ. ನಿಮ್ಮ ಪುಟದಲ್ಲಿ ಆಗಿರುವುದೂ ಅದೇ, ಅಲ್ವಾ?

ಬೈಲೈನ್ (ಸುದ್ದಿ ಬರೆದವರ ಹೆಸರು), ದಿನಾಂಕ, ಸಂಚಿಕೆಯ ಸಂಖ್ಯೆ, ಫೋಟೊ ಅಡಿಬರಹ, ಕೊನೆಯ ಪುಟದ ಬುಡದಲ್ಲಿ ಸಂಪಾದಕರು ಮತ್ತು ಮುದ್ರಕರ ಹೆಸರು, ಇವೆಲ್ಲಾ ಚಿಕ್ಕ ವಿಷಯಗಳು. ಆದರೆ ಒಂದು ಬಿಟ್ಟರೂ ಪುಟ ನಕಲಿ ಥರ ಕಾಣುತ್ತದೆ.

ಪ್ರಶ್ನೆ: ಪೇಜ್‌ಮೇಕಿಂಗ್ ಸಾಫ್ಟ್‌ವೇರ್‌ನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳು ಒಡೆದು ಹೋಗುತ್ತವೆ. ಕೆಲವು ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಸಾಲುಗಳೂ ಒಂದಕ್ಕೊಂದು ತಾಗುತ್ತವೆ. ಏನು ಮಾಡೋದು?

ಇವು ಮೂರು ಬೇರೆಬೇರೆ ತೊಂದರೆಗಳು.

ಇಂಗ್ಲಿಷ್ ಅಕ್ಷರ ಬರುತ್ತಿದ್ದರೆ ಯಾರೋ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಕೊಟ್ಟಿದ್ದಾರೆ. ಅದನ್ನು ಯುನಿಕೋಡ್‌ಗೆ (ಎಲ್ಲಾ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಪರಿವರ್ತಿಸಿಕೊಳ್ಳಿ. ಗುಂಪಿನವರೆಲ್ಲಾ ಮೊದಲ ದಿನದಿಂದ ಯುನಿಕೋಡ್‌ನಲ್ಲೇ ಬರೆದರೆ ಈ ತಲೆನೋವೇ ಇರುವುದಿಲ್ಲ. ಪರಿವರ್ತಿಸಿದ ಮೇಲೆ ಪ್ರೂಫ್ ಇನ್ನೊಮ್ಮೆ ನೋಡಲೇಬೇಕು, ಅರ್ಕಾವತ್ತು ಮತ್ತು ಅಂಕಿಗಳು ಅಲ್ಲಲ್ಲಿ ಕೈಕೊಡುತ್ತವೆ.

ಒತ್ತು ಒಡೆಯುತ್ತಿದ್ದರೆ ತಪ್ಪು ಸಾಫ್ಟ್‌ವೇರ್ ಸೆಟ್ಟಿಂಗ್‌ನದು. ಅಡೋಬಿ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಅಂತ ಇದೆ, ಅದನ್ನು ಆರಿಸಿ. ಉಚಿತ ಸಾಫ್ಟ್‌ವೇರ್ ಬೇಕಿದ್ದರೆ ಸ್ಕ್ರೈಬಸ್ ಇದೆ, ಆದರೆ 1.6 ಅಥವಾ ಅದಕ್ಕಿಂತ ಹೊಸ ಆವೃತ್ತಿ ಹಾಕಿಕೊಳ್ಳಿ. ಹಳೇ 1.4ರಲ್ಲಿ ನಮ್ಮ ಲಿಪಿಗಳು ಸರಿಯಾಗಿ ಕೂರುವುದಿಲ್ಲ.

ಸಾಲು ತಾಗುವುದು ಮಾತ್ರ ನೀವೇ ಕಣ್ಣಿಟ್ಟು ಸರಿಮಾಡಬೇಕಾದದ್ದು. ‘ರಾಷ್ಟ್ರೀಯ’ ಅನ್ನುವ ಪದ ನೋಡಿ. ‘ಷ’ ಕೆಳಗೆ ಎರಡು ಒತ್ತು ಇಳಿದಿವೆ. ಅದರ ನೇರ ಕೆಳಗಿನ ಸಾಲಿನಲ್ಲಿ ಗುಡಿಸು ಅಥವಾ ಏತ್ವ ಇರುವ ಅಕ್ಷರ ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಇಂಗ್ಲಿಷ್ ಪತ್ರಿಕೆಯ ಅಳತೆಯನ್ನು ಹಾಗೇ ತಂದು ಹಾಕಿದರೆ ಹೀಗಾಗುತ್ತದೆ. ಒಳಸುದ್ದಿಗೆ 10 ಪಾಯಿಂಟ್ ಅಕ್ಷರ ಇಟ್ಟರೆ ಸಾಲಿಂದ ಸಾಲಿಗೆ 13–14 ಪಾಯಿಂಟ್ ಬಿಡಿ. ಎರಡು ಸಾಲಿನ ದೊಡ್ಡ ತಲೆಬರಹದಲ್ಲಿ ಡಿಕ್ಕಿ ಆಗುತ್ತಿದ್ದರೆ ಅಂತರ ಹೆಚ್ಚಿಸುವುದಕ್ಕಿಂತ ಪದ ಬದಲಿಸುವುದು ಸುಲಭ. ಪತ್ರಿಕೆಯ ಡೆಸ್ಕ್‌ನಲ್ಲಿ ಕೂತು ಸುದ್ದಿ ತಿದ್ದುವವರು ಇದನ್ನು ದಿನಾ ಮಾಡುತ್ತಾರೆ.

ಕಾಲಂ ಅಗಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎ3 ಹಾಳೆಯ ಅಗಲ 297 ಮಿಲಿಮೀಟರ್. ಎರಡೂ ಕಡೆ 15 ಬಿಟ್ಟು, ಕಾಲಂಗಳ ನಡುವೆ 4 ಬಿಟ್ಟರೆ ಐದು ಕಾಲಂಗೆ ತಲಾ 50 ಮಿಲಿಮೀಟರ್ ಸಿಗುತ್ತದೆ. ಆರು ಕಾಲಂ ಮಾಡಿದರೆ 41. ಕನ್ನಡದ ಪದಗಳು ಉದ್ದ, ‘ಮಾಡಬೇಕಾಗಿರುವುದರಿಂದ’ ಅನ್ನುವಂಥದ್ದು ಬಂದರೆ 41ರಲ್ಲಿ ಸಾಲಿಗೆ ಎರಡೇ ಪದ ಹಿಡಿಸುತ್ತವೆ, ನಡುವೆ ದೊಡ್ಡ ದೊಡ್ಡ ಖಾಲಿ ಜಾಗ. ಐದೇ ಇಟ್ಟುಕೊಳ್ಳಿ. ತಲೆಬರಹಕ್ಕೆ ಜಾಗ ಸಾಲದಿದ್ದರೆ ‘ಅನೇಕ್ ಕನ್ನಡ’ದಂಥ ಫಾಂಟ್ ಬಳಸಬಹುದು. ಅದರಲ್ಲಿ ಕಿರಿದಾದ, ಅಗಲವಾದ ರೂಪಗಳೆರಡೂ ಇವೆ, ಉಚಿತವೂ ಹೌದು.

ಪ್ರಶ್ನೆ: ಟ್ಯಾಬ್ಲಾಯ್ಡ್ ಆಕಾರ ಆರಿಸಿದರೆ ನಮ್ಮದು ಗಂಭೀರ ಪತ್ರಿಕೆ ಅಲ್ಲ ಅಂದುಕೊಳ್ಳುತ್ತಾರಾ?

ಇಲ್ಲ. ಲಂಡನ್ನಿನ ‘ದಿ ಟೈಮ್ಸ್’ 2004ರಲ್ಲಿ ಪೂರ್ತಿ ಸಣ್ಣ ಆಕಾರಕ್ಕೆ ಬಂತು. ‘ಗಾರ್ಡಿಯನ್’ 2005ರಲ್ಲಿ ಬರ್ಲಿನರ್ ಆಕಾರಕ್ಕೆ (ಟ್ಯಾಬ್ಲಾಯ್ಡ್‌ಗಿಂತ ಸ್ವಲ್ಪ ದೊಡ್ಡದು) ಹೋಗಿ 2018ರಲ್ಲಿ ಟ್ಯಾಬ್ಲಾಯ್ಡ್ ಆಯಿತು. ಯಾರೂ ಅವನ್ನು ಗಾಸಿಪ್ ಪತ್ರಿಕೆ ಅನ್ನಲಿಲ್ಲ. ನಿಮಗಂತೂ ಎ2 ಹಾಳೆ ಮಡಚಿದರೆ ನಾಲ್ಕು ಎ3 ಪುಟ ಸಿಗುತ್ತದೆ, ಅದೇ ಅನುಕೂಲ. ಪುಟ ಹೆಚ್ಚಿಸುವುದಾದರೆ ನಾಲ್ಕರ ಲೆಕ್ಕದಲ್ಲೇ ಹೆಚ್ಚಿಸಿ.

ಪ್ರಶ್ನೆ: ಪತ್ರಿಕೆ ಜೊತೆಗೆ ಒಂದು ಪೋಸ್ಟರ್, 30 ಸೆಕೆಂಡಿನ ರೇಡಿಯೊ ಜಾಹೀರಾತು ಮಾಡಬೇಕು. ಮೂರನ್ನೂ ಗುಂಪಿನ ಬೇರೆಬೇರೆಯವರು ಮಾಡಿದ್ದಾರೆ. ಒಂದಕ್ಕೊಂದು ಸಂಬಂಧ ಇಲ್ಲದ ಹಾಗಿದೆ. ಒಂದು ಮಾಡುವುದು ಹೇಗೆ?

ಮೊದಲು ಪೋಸ್ಟರ್ ಯಾವ ಥರದ್ದು ಅಂತ ನಿರ್ಧರಿಸಿ. ಎರಡು ಥರ ಇವೆ, ವಿದ್ಯಾರ್ಥಿಗಳು ಎರಡನ್ನೂ ಕಲಸಿಬಿಡುತ್ತಾರೆ. ಒಂದು, ‘ಇಂಥದ್ದೊಂದು ಪತ್ರಿಕೆ ಬರ್ತಿದೆ’ ಅಂತ ಹೇಳುವುದು. ಇನ್ನೊಂದು, ಇವತ್ತಿನ ಸಂಚಿಕೆಯನ್ನು ಮಾರುವುದು. ಬ್ರಿಟನ್‌ನಲ್ಲಿ ಪತ್ರಿಕೆ ಮಾರುವವರು ತಮ್ಮ ಮುಂದೆ ಒಂದು ಫಲಕ ಇಡುವ ರೂಢಿ ಬಹಳ ಹಳೆಯದು. ಅದರಲ್ಲಿ ಪತ್ರಿಕೆಯ ಹೆಸರು, ಕೆಳಗೆ ದಪ್ಪ ಅಕ್ಷರದಲ್ಲಿ ನಾಲ್ಕೈದು ಪದ, ಅಷ್ಟೇ. ಚಿತ್ರವಿಲ್ಲ, ಬಣ್ಣದ ಆಟವಿಲ್ಲ. ಕುತೂಹಲ ಹುಟ್ಟಬೇಕು, ಆದರೆ ಉತ್ತರ ಅಲ್ಲೇ ಸಿಗಬಾರದು. ‘ಪರೀಕ್ಷೆ ಹೊತ್ತಲ್ಲೇ ಗ್ರಂಥಾಲಯಕ್ಕೆ ಬೀಗ’ ಮುಖಪುಟಕ್ಕೆ ಸರಿ. ಫಲಕಕ್ಕೆ? ‘ಗ್ರಂಥಾಲಯದ ಕೀಲಿ ಯಾರ ಹತ್ತಿರ?’ ಉತ್ತರ ಬೇಕಿದ್ದರೆ ಪತ್ರಿಕೆ ಕೈಗೆತ್ತಿಕೊಳ್ಳಲೇಬೇಕು.

ಅಕ್ಷರದ ಗಾತ್ರಕ್ಕೆ ಫಲಕ ಬರೆಯುವವರ ಸರಳ ಲೆಕ್ಕ ಒಂದಿದೆ: ಓದುವವರು 10 ಅಡಿ ದೂರ ಇದ್ದರೆ ಅಕ್ಷರ 1 ಇಂಚು ಎತ್ತರ. ರಸ್ತೆಯಾಚೆ 50 ಅಡಿಯಿಂದ ಕಾಣಬೇಕಿದ್ದರೆ 5 ಇಂಚು. ನಿಮ್ಮ ಪೋಸ್ಟರ್‌ನಲ್ಲಿ ಹನ್ನೊಂದು ಸಾಲು ಇರುವುದು ಆ ಲೆಕ್ಕಕ್ಕೆ ಕೂರುವುದಿಲ್ಲ.

ಪತ್ರಿಕೆ ಮತ್ತು ಪೋಸ್ಟರ್ ಒಂದೇ ಮನೆಯವು ಅನಿಸಲು ಮಾಸ್ಟ್‌ಹೆಡ್‌ನ (ಮುಖಪುಟದ ಮೇಲೆ ಪತ್ರಿಕೆಯ ಹೆಸರಿರುವ ಪಟ್ಟಿ) ಅದೇ ಅಕ್ಷರ ರೂಪ, ಅದೇ ಎರಡು ಬಣ್ಣ ಸಾಕು. ರೇಡಿಯೊದಲ್ಲಿ ಕಾಣುವುದು ಏನೂ ಇಲ್ಲ, ಅಲ್ಲೇ ಎಲ್ಲರೂ ಎಡವುವುದು. ನೀವು ಕಳಿಸಿದ ಧ್ವನಿಯಲ್ಲಿ ಒಬ್ಬರು ಗಂಭೀರ ಸ್ವರದಲ್ಲಿ ‘ಸಮಾಜದ ಕನ್ನಡಿ, ಸತ್ಯದ ದನಿ’ ಅನ್ನುತ್ತಾರೆ, ಹಿಂದೆ ಭಾರೀ ಸಂಗೀತ. ಪೋಸ್ಟರ್ ನೋಡಿದರೆ ಕಾಲೇಜು ಹುಡುಗರ ಭಾಷೆ, ತಮಾಷೆ. ಓದುಗರು ಯಾರು ಅಂತ ಮೂರೂ ಕಡೆ ಬೇರೆಬೇರೆ ಉತ್ತರ ಕೊಟ್ಟಿದ್ದೀರಿ. ಒಬ್ಬ ಓದುಗನನ್ನು ಹಿಡಿದುಕೊಳ್ಳಿ. ಬೀದಿ ದೀಪ ಉರಿಯದೆ ಬೇಸತ್ತವರು ನಿಮ್ಮ ಓದುಗರಾದರೆ ಜಾಹೀರಾತು ಹೀಗೆ ಶುರುವಾಗಲಿ: ‘ನಿಮ್ಮ ಬೀದಿ ದೀಪ ಕೆಟ್ಟು ಎಷ್ಟು ದಿನ ಆಯ್ತು? ನಾವು ಎಣಿಸಿದ್ದೀವಿ.’ ಪತ್ರಿಕೆಯ ಹೆಸರು ಎರಡು ಸಲ ಬರಲಿ, ಒಂದು ಸಲ ಕೊನೆಯಲ್ಲಿ. ಪೋಸ್ಟರ್‌ನ ಅಡಿಬರಹವೇ ಇಲ್ಲೂ ಕೊನೆಯ ಮಾತಾಗಲಿ. ಬರೆದದ್ದನ್ನು ಗಟ್ಟಿಯಾಗಿ ಓದಿ ಗಡಿಯಾರ ಹಿಡಿಯಿರಿ. ಮನಸ್ಸಿನಲ್ಲಿ ಓದಿದರೆ 30 ಸೆಕೆಂಡ್ ಯಾವಾಗಲೂ ಸಾಕಾಗುತ್ತದೆ, ಬಾಯಿಬಿಟ್ಟರೆ ಸಾಲುವುದಿಲ್ಲ.

ಪ್ರಶ್ನೆ: ಮೌಲ್ಯಮಾಪನ ಬರೆಯುವುದೇ ಕಷ್ಟವಾಗಿದೆ. ಆನ್‌ಲೈನ್ ಫಾರ್ಮ್ ಮಾಡಿ ಗೆಳೆಯರಿಗೆಲ್ಲಾ ಕಳಿಸಿದೆವು. ಎಲ್ಲರೂ ‘ಚೆನ್ನಾಗಿದೆ’, ‘ಸೂಪರ್’ ಅಂತಲೇ ಬರೆದಿದ್ದಾರೆ. ಇದನ್ನಿಟ್ಟುಕೊಂಡು ಏನು ಬರೆಯೋದು?

ಅದನ್ನಿಟ್ಟುಕೊಂಡು ಏನೂ ಬರೆಯಲು ಆಗುವುದಿಲ್ಲ. ಗೆಳೆಯರು ನಿಮ್ಮನ್ನು ನೋಯಿಸುವುದಿಲ್ಲ, ಅದು ಅವರ ಒಳ್ಳೇತನ. ‘ಚೆನ್ನಾಗಿದೆಯಾ’ ಅನ್ನುವ ಪ್ರಶ್ನೆಯೇ ಕೆಲಸಕ್ಕೆ ಬಾರದ್ದು. ಓದುಗರು ಹೇಳುವುದಕ್ಕಿಂತ ಅವರು ಮಾಡುವುದನ್ನು ನೋಡಬೇಕು.

ನಿಮ್ಮನ್ನು ಅಷ್ಟಾಗಿ ಪರಿಚಯವಿಲ್ಲದ ಆರೇಳು ಜನರನ್ನು ಹುಡುಕಿ. ಪುಟವನ್ನು ನಿಜವಾದ ಗಾತ್ರದಲ್ಲಿ ಮುದ್ರಿಸಿ, ಮೊಬೈಲ್‌ನಲ್ಲಿ ತೋರಿಸಬೇಡಿ. ಒಬ್ಬೊಬ್ಬರಿಗೇ ಐದು ಸೆಕೆಂಡ್ ತೋರಿಸಿ ಮಗುಚಿ ಇಡಿ. ಪತ್ರಿಕೆಯ ಹೆಸರೇನು, ದೊಡ್ಡ ಸುದ್ದಿ ಯಾವುದು, ಇದು ಯಾರಿಗಾಗಿ ಮಾಡಿದ್ದು, ಇಷ್ಟೇ ಕೇಳಿ. ಆಮೇಲೆ ಪುಟವನ್ನು ಕೈಗೆ ಕೊಟ್ಟು, ಓದುತ್ತಾ ಬೆರಳಲ್ಲಿ ತೋರಿಸುತ್ತಾ ಹೋಗಿ ಅನ್ನಿ. ನೀವು ಸುಮ್ನೆ ಇರಬೇಕು. ‘ಅದು ಯಾಕೆ ಹಾಗಿದೆ ಅಂದ್ರೆ…’ ಅಂತ ಬಾಯಿ ತೆರೆದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಬೆರಳು ಎಲ್ಲಿ ಮೊದಲು ಹೋಯಿತು, ಎಲ್ಲಿ ನಿಂತಿತು, ಯಾವ ಸುದ್ದಿಯ ಮಧ್ಯದಲ್ಲೇ ಕೈಬಿಟ್ಟರು ಅಂತ ಬರೆದುಕೊಳ್ಳಿ. ಪೋಸ್ಟರ್‌ಗೂ ಇದೇ, ಆದರೆ ಗೋಡೆಗೆ ಅಂಟಿಸಿ ನಡೆದು ಹೋಗಲು ಹೇಳಿ. ರೇಡಿಯೊ ಜಾಹೀರಾತು ಕೇಳಿಸಿ, ಹತ್ತು ನಿಮಿಷ ಬೇರೇನೋ ಮಾತಾಡಿ, ಆಮೇಲೆ ಪತ್ರಿಕೆಯ ಹೆಸರು ಕೇಳಿ.

ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದ ಅಧ್ಯಯನವೊಂದನ್ನು ಪತ್ರಿಕೋದ್ಯಮ ಕಲಿಸುವ ಅಮೆರಿಕದ ಪಾಯಿಂಟರ್ ಸಂಸ್ಥೆ 1991ರಲ್ಲಿ ಪ್ರಕಟಿಸಿತ್ತು. ಓದುಗರ ಕಣ್ಣು ಮೊದಲು ಫೋಟೊ, ತಲೆಬರಹಗಳ ಮೇಲೆ ಹೋಗುತ್ತದೆ, ಒಳಸುದ್ದಿ ಓದುವುದು ಬಹಳ ಕಡಿಮೆ ಅಂತ ಅದರಲ್ಲಿ ಕಂಡುಬಂತು. ನಿಮ್ಮ ಬೆರಳಿನ ಪರೀಕ್ಷೆಯಲ್ಲೂ ಅದೇ ಆಗುತ್ತದಾ ನೋಡಿ. ಆಗದಿದ್ದರೆ ಇನ್ನೂ ಒಳ್ಳೆಯದು, ಬರೆಯಲು ವಿಷಯ ಸಿಕ್ಕಿತು.

ಬರೆಯುವ ರೀತಿಗೆ ಬರೋಣ. ಹೆಚ್ಚಿನವರು ಹೀಗೆ ಬರೆಯುತ್ತಾರೆ: ‘ಕೆಂಪು ಬಣ್ಣ ಗಮನ ಸೆಳೆಯುವುದರಿಂದ ಮಾಸ್ಟ್‌ಹೆಡ್‌ಗೆ ಕೆಂಪು ಆರಿಸಿದೆವು.’ ಇದಕ್ಕೆ ಅಂಕ ಕೊಡುವುದು ಕಷ್ಟ. ಅದರ ಬದಲು, ಉದಾಹರಣೆಗೆ, ಹೀಗೆ ಬರೆಯಬಹುದು: ‘ಮೊದಲ ಕರಡಿನಲ್ಲಿ ಮಾಸ್ಟ್‌ಹೆಡ್ ಮತ್ತು ಕೆಳಗಿನ ಜಾಹೀರಾತು ಎರಡೂ ಕೆಂಪು ಇದ್ದವು. ಏಳು ಜನರಲ್ಲಿ ನಾಲ್ವರು ಮೊದಲು ಜಾಹೀರಾತನ್ನು ಮುಟ್ಟಿದರು. ಜಾಹೀರಾತನ್ನು ಕಪ್ಪು-ಬಿಳುಪು ಮಾಡಿದೆವು. ಎರಡನೇ ಸಲ ಆರು ಜನ ಲೀಡ್‌ನಿಂದ ಶುರು ಮಾಡಿದರು. ಆದರೆ ಒಬ್ಬರಿಗೂ ಪತ್ರಿಕೆಯ ಹೆಸರು ನೆನಪಿರಲಿಲ್ಲ, ಅದನ್ನು ನಾವು ಸರಿಪಡಿಸಲಾಗಲಿಲ್ಲ.’ ಏನಿತ್ತು, ಏನು ಕಂಡಿತು, ಏನು ಬದಲಿಸಿದಿರಿ, ಏನು ಉಳಿಯಿತು, ಎಲ್ಲಾ ಇದೆ. ಕೊನೆಯ ವಾಕ್ಯ ಬರೆಯಲು ಹೆದರುತ್ತಾರೆ. ಅಂಕ ಇರುವುದೇ ಅಲ್ಲಿ.

ಇದಕ್ಕಾಗಿ ಪ್ರತಿ ಕರಡನ್ನೂ ದಿನಾಂಕ ಹಾಕಿ ಬೇರೆ ಪಿಡಿಎಫ್ ಆಗಿ ಉಳಿಸಿ. ಒಂದೇ ಫೈಲನ್ನು ತಿದ್ದುತ್ತಾ ಹೋದರೆ ಕೊನೆಗೆ ತೋರಿಸಲು ಏನೂ ಇರುವುದಿಲ್ಲ.

ಪ್ರಶ್ನೆ: ನಾನು ಅಧ್ಯಾಪಕ. ಗುಂಪಿನಲ್ಲಿ ವಿನ್ಯಾಸ ಬಲ್ಲ ಒಬ್ಬರಿದ್ದರೆ ಆ ಗುಂಪಿಗೇ ಜಾಸ್ತಿ ಅಂಕ ಹೋಗುತ್ತದೆ. ನ್ಯಾಯವಾಗಿ ಹಂಚುವುದು ಹೇಗೆ?

ಅಂದಕ್ಕೆ ಅಂಕ ಕಡಿಮೆ ಇಡಿ ಸಾರ್. ನಾನಾಗಿದ್ದರೆ 100ರಲ್ಲಿ ವರದಿಗಾರಿಕೆಗೆ 35, ಪುಟಕ್ಕೆ 25, ಪ್ರಚಾರ ಸಾಮಗ್ರಿಗೆ 15, ಮೌಲ್ಯಮಾಪನಕ್ಕೆ 25 ಇಡುತ್ತೇನೆ. ಸ್ಥಳೀಯ ಪತ್ರಿಕೆ ಅಂದ ಮೇಲೆ ಅವರು ಹೊರಗೆ ಹೋಗಿ ಜನರನ್ನು ಮಾತಾಡಿಸಿದ್ದಾರಾ ಅನ್ನುವುದೇ ಮೊದಲ ಪ್ರಶ್ನೆ ಆಗಬೇಕು. ಪ್ರತಿಯೊಬ್ಬರಿಗೂ ಕನಿಷ್ಠ ಒಂದು ಬೈಲೈನ್ ಕಡ್ಡಾಯ ಮಾಡಿ, ಮೌಲ್ಯಮಾಪನವನ್ನು ಮಾತ್ರ ಒಬ್ಬೊಬ್ಬರೇ ಬರೆಯಲಿ. ಪುಟ ಸೊರಗಿದ್ದರೂ ಅದು ಯಾಕೆ ಸೊರಗಿತು ಅಂತ ನಿಖರವಾಗಿ ಹೇಳಿದ ವಿದ್ಯಾರ್ಥಿಗೆ ಆ 25ರಲ್ಲಿ ಪೂರ್ತಿ ಅಂಕ ಕೊಡಲು ಹಿಂಜರಿಯಬೇಡಿ.

ಪ್ರಶ್ನೆ: ಫೋಟೊಗಳನ್ನು ಗೂಗಲ್‌ನಿಂದ ತೆಗೆದುಕೊಳ್ಳಬಹುದಾ? ನಾವೇ ತೆಗೆದವು ಪ್ರಿಂಟ್‌ನಲ್ಲಿ ಮಸುಕಾಗುತ್ತಿವೆ.

ಬೇಡ. ಬೇರೆಯವರ ಫೋಟೊಗೆ ಹಕ್ಕು ಅವರದು, ಜೊತೆಗೆ ಎಲ್ಲಿಯದೋ ಬೀದಿಯ ಫೋಟೊ ಹಾಕಿದರೆ ಅದು ಸ್ಥಳೀಯ ಪತ್ರಿಕೆ ಹೇಗಾಯಿತು? ಮಸುಕಾಗಲು ಕಾರಣ ಬಹುಶಃ ವಾಟ್ಸ್‌ಆ್ಯಪ್. ಅದು ಫೋಟೊವನ್ನು ಕುಗ್ಗಿಸುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿ. ಒಳ್ಳೇ ಕಾಗದದ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು, ಅಂದರೆ 1200 ಪಿಕ್ಸೆಲ್ ಅಗಲದ ಫೋಟೊವನ್ನು 4 ಇಂಚಿಗಿಂತ ಹಿಗ್ಗಿಸಬಾರದು. ನ್ಯೂಸ್‌ಪ್ರಿಂಟ್ ಆದರೆ 200 ಪಿಕ್ಸೆಲ್ ಸಾಕು, ಆದರೆ ಆ ಕಾಗದ ಶಾಯಿ ಹೀರಿಕೊಂಡು ಫೋಟೊ ಕಪ್ಪಾಗುತ್ತದೆ, ಸ್ವಲ್ಪ ಬೆಳಕು ಹೆಚ್ಚಿಸಿಯೇ ಕೊಡಿ. ಮಕ್ಕಳ ಮುಖ ಕಾಣುವ ಫೋಟೊ ಇದ್ದರೆ ಅಪ್ಪ ಅಮ್ಮನಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಆ ಹಾಳೆಯನ್ನು ಪ್ರಾಜೆಕ್ಟ್ ಫೈಲ್‌ಗೇ ಸೇರಿಸಿ.